ಬ್ಯಾಟರಿ ಫ್ರಿಜ್‌ನ ಕಂಪ್ರೆಸರ್ ಓಡದಿದ್ದರೆ: ವಿದ್ಯುತ್ ದೋಷ ಹುಡುಕುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ವ್ಯಾನು, ಲಾರಿ, ದೋಣಿಗಳಲ್ಲಿ ಮತ್ತು ಸೌರಫಲಕ ನಂಬಿದ ಮನೆಗಳಲ್ಲಿ 12 ಅಥವಾ 24 ವೋಲ್ಟ್ ಬ್ಯಾಟರಿಯಿಂದ ನೇರವಾಗಿ ಓಡುವ ಕಂಪ್ರೆಸರ್ ಫ್ರಿಜ್‌ಗಳ ಕುರಿತ ಪುಟ ಇದು. ಕಂಪ್ರೆಸರ್ ಇಲ್ಲದೆ ತಂಪು ಮಾಡುವ ಪೆಟ್ಟಿಗೆಗಳಿಗೂ ಗ್ಯಾಸ್ ಉರಿಯಿಂದ ನಡೆಯುವ ಫ್ರಿಜ್‌ಗಳಿಗೂ ಇಲ್ಲಿನ ಮಾತು ಅನ್ವಯಿಸುವುದಿಲ್ಲ. ಕೊಟ್ಟಿರುವ ಅಂಕಿಗಳು ಬಹುಪಾಲು ಡ್ಯಾನ್‌ಫಾಸ್ ಬಿಡಿ35ಎಫ್ ಮತ್ತು ಬಿಡಿ50ಎಫ್ ಕಂಪ್ರೆಸರ್‌ಗಳವು. 2010ರಿಂದ ಇವು ಸೆಕಾಪ್ ಹೆಸರಿನಲ್ಲಿ ಬರುತ್ತಿವೆ. ಬೇರೆ ತಯಾರಕರ ಕಂಪ್ರೆಸರ್‌ಗಳೂ ಹೆಚ್ಚುಕಡಿಮೆ ಇದೇ ತತ್ವದಲ್ಲಿ ಕೆಲಸ ಮಾಡುತ್ತವೆ. ಅಂಕಿಗಳನ್ನು ಮಾತ್ರ ನಿಮ್ಮ ಫ್ರಿಜ್‌ನ ಕೈಪಿಡಿಯೊಂದಿಗೆ ತಾಳೆ ನೋಡಿಕೊಳ್ಳಿ.

ಫ್ಯಾನ್ ಕೆಲವು ಸೆಕೆಂಡು ತಿರುಗುತ್ತದೆ, ಕಂಪ್ರೆಸರ್ ಒಮ್ಮೆ ಗುರ್ ಎನ್ನುತ್ತದೆ, ಮತ್ತೆ ಎಲ್ಲವೂ ನಿಲ್ಲುತ್ತದೆ. ಒಂದು ನಿಮಿಷದ ನಂತರ ಮತ್ತೆ ಅದೇ ಕಥೆ. ಕಂಪ್ರೆಸರ್ ಹೋಯಿತೇ?

ಬಹುತೇಕ ಹೋಗಿರುವುದಿಲ್ಲ. ಹೊಸ ಕಂಪ್ರೆಸರ್‌ಗೆ ಹಣ ಎತ್ತಿಡುವ ಮೊದಲು ತಂತಿಯನ್ನು ಅನುಮಾನಿಸಿ.

ಫ್ಯಾನ್ ಎಳೆಯುವ ಕರೆಂಟ್ ಅರ್ಧ ಆಂಪಿಯರ್‌ಗಿಂತ ಕಡಿಮೆ. ಅಷ್ಟನ್ನು ಎಂಥ ಕಳಪೆ ತಂತಿಯೂ ಸಾಗಿಸುತ್ತದೆ. ಕಂಪ್ರೆಸರ್ ಹೊರಡುವಾಗ ಕರೆಂಟ್ ಹಲವು ಪಟ್ಟು ಏರುತ್ತದೆ. ತಂತಿ ಸಣ್ಣದಾಗಿದ್ದರೆ, ಎಲ್ಲಾದರೂ ಜೋಡಣೆ ಸಡಿಲವಾಗಿದ್ದರೆ ಅಥವಾ ಕಿಲುಬು ಹಿಡಿದಿದ್ದರೆ ಆ ಕ್ಷಣದಲ್ಲಿ ವೋಲ್ಟೇಜ್ ಕುಸಿಯುತ್ತದೆ. ಕಂಪ್ರೆಸರ್‌ನ ಬೆನ್ನಿಗೆ ಕುಳಿತು ಮೋಟರನ್ನು ನಡೆಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ, ಅಂದರೆ ನಿಯಂತ್ರಕ, ಅದನ್ನು ನೋಡಿ, ಬ್ಯಾಟರಿ ಬರಿದಾಗಿದೆ ಎಂದು ಭಾವಿಸಿ ಮೋಟರನ್ನು ನಿಲ್ಲಿಸುತ್ತದೆ. ಮೋಟರ್ ನಿಂತ ಕೂಡಲೇ ಹೊರೆ ಇಳಿದು ವೋಲ್ಟೇಜ್ ಮತ್ತೆ ಏರುತ್ತದೆ. ಸುಮಾರು ಒಂದು ನಿಮಿಷ ಕಾದು ನಿಯಂತ್ರಕ ಮತ್ತೆ ಪ್ರಯತ್ನಿಸುತ್ತದೆ. ನೀವು ಕೇಳುತ್ತಿರುವ ಸದ್ದು ಇದೇ. ನಿಯಂತ್ರಕ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ.

ಮಲ್ಟಿಮೀಟರ್ ಹಿಡಿದು ನೋಡಿದೆ, ಬ್ಯಾಟರಿಯಲ್ಲಿ 12.6 ವೋಲ್ಟ್ ಇದೆ. ಹಾಗಿದ್ದರೆ ತೊಂದರೆ ಬ್ಯಾಟರಿ ಅಥವಾ ತಂತಿಯದಲ್ಲ ಎಂದಾಯಿತಲ್ಲ?

ಆಗಲಿಲ್ಲ. ಎರಡು ವಿಷಯ ಬಾಕಿ ಇವೆ. ನೀವು ಅಳೆದದ್ದು ಎಲ್ಲಿ? ಅಳೆದದ್ದು ಯಾವಾಗ?

ಕರೆಂಟ್ ಹರಿಯದಿರುವಾಗ ತಂತಿಯಲ್ಲಿ ವೋಲ್ಟೇಜ್ ಇಳಿಯುವುದೇ ಇಲ್ಲ. ಕೂದಲೆಳೆಯಷ್ಟು ತಾಮ್ರ ಉಳಿದಿರುವ ತುಂಡಾದ ತಂತಿಯ ಕೊನೆಯಲ್ಲೂ ಮೀಟರ್ 12.6 ತೋರಿಸುತ್ತದೆ. ಆದ್ದರಿಂದ ಮೀಟರಿನ ಕಡ್ಡಿಗಳನ್ನು ಇಡಬೇಕಾದ ಜಾಗ ನಿಯಂತ್ರಕದ ಪ್ಲಸ್ ಮತ್ತು ಮೈನಸ್ ಟರ್ಮಿನಲ್‌ಗಳು. ನೋಡಬೇಕಾದ ಹೊತ್ತು ಕಂಪ್ರೆಸರ್ ಹೊರಡಲು ಹೆಣಗುವ ಆ ಒಂದೆರಡು ಸೆಕೆಂಡು. ಮೀಟರಿನಲ್ಲಿ ಕನಿಷ್ಠ ಮೌಲ್ಯವನ್ನು ಹಿಡಿದಿಡುವ ಗುಂಡಿ ಇದ್ದರೆ ಬಳಸಿ, ಏಕೆಂದರೆ ಕುಸಿತ ಕಣ್ಣಿಗೆ ಸಿಗದಷ್ಟು ಬೇಗ ಬಂದು ಹೋಗಬಹುದು. ಅಲ್ಲಿ 12ರ ಮೇಲಿದ್ದ ಅಂಕಿ 10ರ ಆಸುಪಾಸಿಗೆ ಬಿದ್ದರೆ ಕಳ್ಳ ಸಿಕ್ಕಿದಂತೆ. ಬೀಳುತ್ತಿರುವುದು ಬ್ಯಾಟರಿಯೋ ತಂತಿಯೋ ಎಂದು ತಿಳಿಯಲು ಅದೇ ಅಳತೆಯನ್ನು ಬ್ಯಾಟರಿಯ ಕಂಬಗಳ, ಅಂದರೆ ಅದರ ಪ್ಲಸ್ ಮತ್ತು ಮೈನಸ್ ತುದಿಗಳ ಮೇಲೆ ಮತ್ತೊಮ್ಮೆ ಮಾಡಿ. ಕಂಬದ ಬಳಿ 12.3 ಇದ್ದು ನಿಯಂತ್ರಕದ ಬಳಿ 10.2 ಇದ್ದರೆ ತಪ್ಪು ನಡುವಿನ ದಾರಿಯದು. ಎರಡೂ ಕಡೆ ಒಟ್ಟಿಗೆ ಕುಸಿದರೆ ಬ್ಯಾಟರಿಯೇ ಸೋತಿದೆ.

ಈ ಒಂದು ಪರೀಕ್ಷೆಯನ್ನು ಬಿಟ್ಟು ಬೇರೆ ಏನನ್ನೂ ಮಾಡಲು ನಿಮಗೆ ಮನಸ್ಸಿಲ್ಲದಿದ್ದರೂ ಸರಿ, ಇದನ್ನು ಮಾತ್ರ ಬಿಡಬೇಡಿ.

ತಂತಿಯದೇ ದೋಷ ಎಂದು ಗೊತ್ತಾಯಿತು. ಆದರೆ ದಾರಿಯಲ್ಲಿ ಫ್ಯೂಸ್, ಸ್ವಿಚ್, ಪ್ಲಗ್ ಎಲ್ಲ ಇವೆ. ಯಾವುದು ಎಂದು ಹುಡುಕುವುದು ಹೇಗೆ?

ಕಂಪ್ರೆಸರ್ ಹೊರಡುವ ಕ್ಷಣವನ್ನೇ ಕಾಯುತ್ತ ಒಂದೊಂದು ಜೋಡಣೆಯನ್ನು ಅಳೆಯುವುದು ತಾಳ್ಮೆಗೆಡಿಸುವ ಕೆಲಸ. ಅದರ ಬದಲು ನಿಯಂತ್ರಕದ ಬಳಿ ಪ್ಲಸ್ ಮತ್ತು ಮೈನಸ್ ತಂತಿಗಳನ್ನು ಕಳಚಿ, ಅವುಗಳಿಗೆ ವಾಹನದ ಹೆಡ್‌ಲೈಟ್‌ನ 12 ವೋಲ್ಟ್, 55 ವ್ಯಾಟ್ ಬಲ್ಬನ್ನು ಜೋಡಿಸಿ. ಆ ಬಲ್ಬು ಸುಮಾರು ನಾಲ್ಕೂವರೆ ಆಂಪಿಯರ್ ಎಳೆಯುತ್ತದೆ, ಓಡುತ್ತಿರುವ ಕಂಪ್ರೆಸರ್ ಎಳೆಯುವಷ್ಟೇ. ಕಂಪ್ರೆಸರ್‌ನಂತೆ ಅರ್ಧಕ್ಕೆ ಕೈಕೊಡದೆ ಉರಿಯುತ್ತಲೇ ಇರುತ್ತದೆ. ನೀವು ನಿಧಾನವಾಗಿ ಅಳೆಯಬಹುದು. ಬಲ್ಬಿನ ಗಾಜು ಬಹಳ ಬಿಸಿಯಾಗುತ್ತದೆ, ಪ್ಲಾಸ್ಟಿಕ್ ಮತ್ತು ಬಟ್ಟೆಯಿಂದ ದೂರ ಇಡಿ. 24 ವೋಲ್ಟ್ ವ್ಯವಸ್ಥೆಯಾದರೆ 24 ವೋಲ್ಟಿನ ಬಲ್ಬೇ ಬೇಕು.

ಬಲ್ಬು ಉರಿಯುತ್ತಿರುವಾಗ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಪ್ಲಸ್ ಕಂಬದ ಮೇಲೂ ಇನ್ನೊಂದನ್ನು ಬಲ್ಬಿಗೆ ಬಂದ ಪ್ಲಸ್ ತುದಿಯ ಮೇಲೂ ಇಡಿ. ಎರಡೂ ಒಂದೇ ತಂತಿಯ ಎರಡು ತುದಿಗಳು, ಹಾಗಾಗಿ ಅಂಕಿ ಸೊನ್ನೆಯ ಹತ್ತಿರ ಇರಬೇಕು. ಅಲ್ಲಿ ಬರುವ ಅಂಕಿಯೇ ಆ ದಾರಿಯಲ್ಲಿ ನೀವು ಕಳೆದುಕೊಳ್ಳುತ್ತಿರುವ ವೋಲ್ಟೇಜ್. 0.2 ಬಂದರೆ ಚಿಂತೆಯಿಲ್ಲ. 0.8 ಬಂದರೆ ಬ್ಯಾಟರಿಯ ಬಳಿಯ ಕಡ್ಡಿಯನ್ನು ಹಾಗೇ ಇರಿಸಿ ಇನ್ನೊಂದನ್ನು ಹಿಂದಕ್ಕೆ ತನ್ನಿ: ಪ್ಲಗ್‌ನ ಈಚೆ, ಸ್ವಿಚ್‌ನ ಆಚೆ, ಸ್ವಿಚ್‌ನ ಈಚೆ, ಫ್ಯೂಸ್‌ನ ಆಚೆ, ಈಚೆ. ಅಂಕಿ ಎಲ್ಲಿ ಹಠಾತ್ತನೆ ಇಳಿಯುತ್ತದೆಯೋ ದೋಷ ಆ ಎರಡು ಬಿಂದುಗಳ ನಡುವೆ ಇದೆ. ಅಂಕಿ ಎಲ್ಲೂ ಹಾರದೆ ಸಮನಾಗಿ ಇಳಿಯುತ್ತ ಬಂದರೆ ಜೋಡಣೆಗಳು ಸರಿಯಿವೆ, ತಂತಿಯೇ ಸಣ್ಣದು.

ಮೈನಸ್ ಕಡೆಯೂ ಇದನ್ನೇ ಮಾಡಿ. ಜನ ಪ್ಲಸ್ ತಂತಿಯನ್ನು ಮಾತ್ರ ಮುತುವರ್ಜಿಯಿಂದ ನೋಡುತ್ತಾರೆ. ವಾಹನಗಳಲ್ಲಿ ಮೈನಸ್ಸನ್ನು ಹತ್ತಿರದ ಯಾವುದೋ ತಿರುಪಿಗೆ ಬಿಗಿದು, ಉಕ್ಕಿನ ಮೈಯನ್ನೇ ತಂತಿಯಾಗಿ ಬಳಸುವ ರೂಢಿ ಇದೆ. ತಿರುಪಿನಡಿ ತುಕ್ಕು ಕೂತರೆ ಅಲ್ಲಿಗೆ ಮುಗಿಯಿತು. ಫ್ರಿಜ್‌ಗೆ ಬ್ಯಾಟರಿಯ ಕಂಬದಿಂದಲೇ ಬೇರೆ ಮೈನಸ್ ತಂತಿ ಎಳೆಯಿರಿ.

ತಂತಿ ಎಷ್ಟು ದಪ್ಪ ಇರಬೇಕು?

ಡ್ಯಾನ್‌ಫಾಸ್ ಕೊಡುವ ಪಟ್ಟಿಯ ಪ್ರಕಾರ 12 ವೋಲ್ಟಿನಲ್ಲಿ 2.5 ಚದರ ಮಿ.ಮೀ. ತಂತಿ ಬ್ಯಾಟರಿಯಿಂದ ನಿಯಂತ್ರಕಕ್ಕೆ ಎರಡೂವರೆ ಮೀಟರ್ ದೂರದವರೆಗೆ ಸಾಕು. ದೂರ 4 ಮೀಟರ್ ಆದರೆ 4 ಚದರ ಮಿ.ಮೀ., 6 ಮೀಟರ್ ಆದರೆ 6, 10 ಮೀಟರ್ ಆದರೆ 10. ಹೆಚ್ಚುಕಡಿಮೆ ಎಷ್ಟು ಮೀಟರೋ ಅಷ್ಟು ಚದರ ಮಿ.ಮೀ. ಎಂದು ನೆನಪಿಟ್ಟರೆ ಪಟ್ಟಿಯೇ ಬೇಡ. 24 ವೋಲ್ಟಿನಲ್ಲಿ ಅದೇ ತಂತಿಯನ್ನು ಎರಡು ಪಟ್ಟು ದೂರಕ್ಕೆ ಬಳಸಬಹುದು.

ಲೆಕ್ಕ ಬೇಕಾದವರಿಗೆ: ಒಂದು ಚದರ ಮಿ.ಮೀ. ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.0175 ಓಮ್ ರೋಧ. ಐದು ಮೀಟರ್ ದೂರ ಎಂದರೆ ಹೋಗಿ ಬರುವ ದಾರಿ ಹತ್ತು ಮೀಟರ್. ತಂತಿ 1.5 ಚದರ ಮಿ.ಮೀ. ಆಗಿದ್ದರೆ ರೋಧ 0.117 ಓಮ್. ಎಂಟು ಆಂಪಿಯರ್ ಹರಿದರೆ ಅಲ್ಲೇ 0.93 ವೋಲ್ಟ್ ಮಾಯ. ಅರೆ ತುಂಬಿದ ಸೀಸ-ಆಮ್ಲ ಬ್ಯಾಟರಿಯಲ್ಲಿ ಇರುವುದೇ 12.2, ಉಳಿಯುವುದು 11.3. ಅದರ ಮೇಲೆ ಒಂದು ಕಿಲುಬು ಹಿಡಿದ ಫ್ಯೂಸ್ ಹಿಡಿಕೆ ಸೇರಿದರೆ ಫ್ರಿಜ್ ನಿಲ್ಲುತ್ತದೆ. ದೋಷ ಒಂದೇ ಜಾಗದಲ್ಲಿ ಇರಬೇಕೆಂದಿಲ್ಲ. ನಾಲ್ಕು ಕಡೆಯ ಸಣ್ಣ ಸಣ್ಣ ನಷ್ಟ ಕೂಡಿಯೂ ಹೀಗಾಗುತ್ತದೆ.

ತಾಮ್ರದ ಲೇಪನ ಕೊಟ್ಟ ಅಲ್ಯೂಮಿನಿಯಂ ತಂತಿಯೂ ಮಾರುಕಟ್ಟೆಯಲ್ಲಿದೆ. ಅದರ ರೋಧ ತಾಮ್ರಕ್ಕಿಂತ ಹೆಚ್ಚು, ಮೇಲಿನ ಪಟ್ಟಿ ಅದಕ್ಕೆ ಹೊಂದುವುದಿಲ್ಲ. ತುದಿಯನ್ನು ಚಾಕುವಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗಿದ್ದರೆ ಅನುಮಾನಿಸಿ. ತವರದ ಲೇಪನವಿರುವ ಒಳ್ಳೆಯ ತಾಮ್ರದ ತಂತಿ ಹೊರಗೆ ಬಿಳಿಯಾಗಿದ್ದು ಒಳಗೆ ಕೆಂಪಾಗಿರುತ್ತದೆ.

ವಾಹನದ ಸಿಗರೇಟ್ ಲೈಟರ್ ತೂತಿಗೆ ಸಿಕ್ಕಿಸಿ ಬಳಸಬಹುದೇ?

ಬಳಸಬಹುದು, ನಂಬಬಾರದು. ಆ ತೂತು ಸಿಗರೇಟ್ ಹೊತ್ತಿಸಲೆಂದು ಹುಟ್ಟಿದ್ದು. ಒಳಗೆ ಒಂದು ಸ್ಪ್ರಿಂಗ್ ತುದಿಯನ್ನು ಒತ್ತುತ್ತದೆ, ಪಕ್ಕದಲ್ಲಿ ಎರಡು ತೆಳು ತಗಡು ತಾಗುತ್ತವೆ, ಅಷ್ಟೇ ಸಂಪರ್ಕ. ವಾಹನ ಅಲುಗಾಡಿದಂತೆ ಪ್ಲಗ್ ಸಡಿಲವಾಗುತ್ತದೆ, ಬಿಸಿಯಾಗುತ್ತದೆ, ಸ್ಪ್ರಿಂಗ್ ಬಿಸಿಗೆ ಮೆತ್ತಗಾಗಿ ಸಂಪರ್ಕ ಇನ್ನೂ ಕೆಡುತ್ತದೆ. ಅರ್ಧ ಗಂಟೆ ಓಡಿದ ನಂತರ ಪ್ಲಗ್‌ನ ತುದಿ ಮುಟ್ಟಲಾಗದಷ್ಟು ಬಿಸಿ ಇದ್ದರೆ ಅದನ್ನು ಕಿತ್ತು ಹಾಕಿ, ತಿರುಪಿನಿಂದ ಬಿಗಿಯಾಗುವ ಅಥವಾ ಹೊಂದಿ ಕೂರುವ ಬೇರೆ ಬಗೆಯ ಪ್ಲಗ್ ಹಾಕಿಸಿ. ಕೆಲವು ಪ್ಲಗ್‌ಗಳ ಒಳಗೇ ಒಂದು ಗಾಜಿನ ಫ್ಯೂಸ್ ಇರುತ್ತದೆ. ಅದರ ಮುಚ್ಚಳ ಸಡಿಲವಾದರೂ ಇದೇ ರೋಗ.

ನಿಯಂತ್ರಕದ ಎಲ್‌ಇಡಿ ಮಿನುಗುತ್ತದೆ. ಎಣಿಸುವುದು ಹೇಗೆ, ಅರ್ಥವೇನು?

ದೋಷವಿದ್ದಾಗ ಎಲ್‌ಇಡಿ ಕೆಲವು ಬಾರಿ ಬೇಗ ಬೇಗ ಮಿನುಗಿ, ಸ್ವಲ್ಪ ಸುಮ್ಮನಿದ್ದು, ಮತ್ತೆ ಅಷ್ಟೇ ಬಾರಿ ಮಿನುಗುತ್ತದೆ. ಈ ಚಕ್ರ ನಾಲ್ಕು ಸೆಕೆಂಡಿಗೊಮ್ಮೆ ಬರುತ್ತದೆ. ಎಲ್‌ಇಡಿ ಇಲ್ಲದ ಫ್ರಿಜ್‌ಗಳೂ ಇವೆ. ಡ್ಯಾನ್‌ಫಾಸ್ ನಿಯಂತ್ರಕವಾದರೆ 10 ಮಿಲಿಆಂಪಿಯರ್‌ನ ಎಲ್‌ಇಡಿ ಒಂದನ್ನು ಪ್ಲಸ್ ಮತ್ತು ‘ಡಿ’ ಟರ್ಮಿನಲ್‌ಗಳ ನಡುವೆ ನೀವೇ ಜೋಡಿಸಿಕೊಳ್ಳಬಹುದು. ಕೆಲವೇ ನಾಣ್ಯಗಳ ಖರ್ಚು, ದಿನಗಟ್ಟಲೆ ತಲೆಬಿಸಿ ಉಳಿಯುತ್ತದೆ.

ಒಂದು ಮಿನುಗು ಎಂದರೆ ವೋಲ್ಟೇಜ್ ಮಿತಿಯ ಹೊರಗಿದೆ. ಮೇಲೆ ಹೇಳಿದ್ದೆಲ್ಲ ಈ ಒಂದು ಮಿನುಗಿನ ಕಥೆಯೇ. ಎರಡು ಮಿನುಗು ಬಂದರೆ ಫ್ಯಾನ್ ಅಗತ್ಯಕ್ಕಿಂತ ಹೆಚ್ಚು ಕರೆಂಟ್ ಎಳೆಯುತ್ತಿದೆ: ರೆಕ್ಕೆಗೆ ಏನೋ ಸಿಕ್ಕಿಕೊಂಡಿದೆ, ಬೇರಿಂಗ್ ಬಿಗಿದಿದೆ, ಇಲ್ಲವೇ ಫ್ಯಾನಿನ ತಂತಿ ಒಳಗೆಲ್ಲೋ ಶಾರ್ಟ್ ಆಗಿದೆ. ಮೂರು ಮಿನುಗು ಎಂದರೆ ಮೋಟರ್ ಹೊರಡಲಾಗಲಿಲ್ಲ. ನಾಲ್ಕು ಬಂದರೆ ಹೊರಟಿತು, ಆದರೆ ಹೊರೆ ಹೆಚ್ಚಾಗಿ ನಿಮಿಷಕ್ಕೆ 1,850 ಸುತ್ತುಗಳ ಕನಿಷ್ಠ ವೇಗವನ್ನೂ ಕಾಯ್ದುಕೊಳ್ಳಲಾಗಲಿಲ್ಲ. ಐದು ಎಂದರೆ ನಿಯಂತ್ರಕವೇ ಕಾದುಹೋಗಿದೆ.

ಎಣಿಕೆಯನ್ನು ಒಮ್ಮೆ ನೋಡಿ ತೀರ್ಮಾನಿಸಬೇಡಿ. ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡು ಎಣಿಸುವುದು ವಾಸಿ.

ಮೂರು ಮಿನುಗು ಬಂದರೆ ಮೋಟರ್ ಸುಟ್ಟಿದೆ ಎಂದೇ ಅರ್ಥವೇ?

ಅಲ್ಲ. ಫ್ರಿಜ್ ಈಗಷ್ಟೇ ನಿಂತಿದ್ದರೆ ಕೊಳವೆಯ ಒಂದು ಬದಿಯಲ್ಲಿ ಒತ್ತಡ ಹೆಚ್ಚು, ಇನ್ನೊಂದು ಬದಿಯಲ್ಲಿ ಕಡಿಮೆ ಇರುತ್ತದೆ. ಆ ವ್ಯತ್ಯಾಸ 5 ಬಾರ್ ಮೀರಿದರೆ ಈ ಕಂಪ್ರೆಸರ್‌ಗಳು ಹೊರಡುವುದಿಲ್ಲ. ಸ್ವಿಚ್ಚನ್ನು ಹಾಕಿ ತೆಗೆದು ಆಡಿಸುವವರಿಗೆ ಈ ಸಂಕೇತ ಹೆಚ್ಚು ಕಾಣಿಸುತ್ತದೆ. ಹತ್ತು ನಿಮಿಷ ಬಿಟ್ಟು ನೋಡಿ. ಆಮೇಲೂ ಮೂರೇ ಬಂದರೆ ಫ್ರಿಜ್‌ನ ವಿದ್ಯುತ್ ಕಡಿತಗೊಳಿಸಿ, ನಿಯಂತ್ರಕವನ್ನು ಕಂಪ್ರೆಸರ್‌ನಿಂದ ಬಿಡಿಸಿ ಮೋಟರಿನ ಸುರುಳಿಗಳನ್ನು ಅಳೆಯಬೇಕು.

ಕಂಪ್ರೆಸರ್‌ನಲ್ಲಿ ಮೂರು ಪಿನ್ ಕಾಣುತ್ತವೆ. ಮೊದಲು ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿ. ಆಗ ತೋರುವ ಅಂಕಿ ಮೀಟರಿನ ತಂತಿಗಳದೇ ರೋಧ, ಅದನ್ನು ಮುಂದಿನ ಅಳತೆಗಳಿಂದ ಕಳೆಯಬೇಕು. ನಂತರ ಪಿನ್‌ಗಳನ್ನು ಎರಡೆರಡಾಗಿ ಮೂರೂ ಜೋಡಿಯಲ್ಲಿ ಅಳೆಯಿರಿ. ಬರುವ ಅಂಕಿ ಸಣ್ಣದು, ಕೆಲವೇ ಓಮ್. ಅದು ಎಷ್ಟು ಎನ್ನುವುದಕ್ಕಿಂತ ಮೂರೂ ಸಮನಾಗಿರಬೇಕು ಎನ್ನುವುದು ಮುಖ್ಯ. ಒಂದು ಜೋಡಿ ಬೇರೆಯಾದರೆ ಸುರುಳಿ ಕೆಟ್ಟಿದೆ. ಕೊನೆಗೆ ಪ್ರತಿ ಪಿನ್‌ನಿಂದ ಕಂಪ್ರೆಸರ್‌ನ ಲೋಹದ ಮೈಗೆ ಅಳೆಯಿರಿ, ಬಣ್ಣ ಕೆರೆದ ಜಾಗದಲ್ಲಿ. ಅಲ್ಲಿ ಸಂಪರ್ಕವೇ ಇರಬಾರದು. ಮೂರೂ ಸಮ, ಮೈಗೆ ಸಂಪರ್ಕವಿಲ್ಲ ಎಂದಾದರೆ ಸುರುಳಿ ಚೆನ್ನಾಗಿದೆ. ಇನ್ನು ಉಳಿದದ್ದು ನಿಯಂತ್ರಕ, ಇಲ್ಲವೇ ಒಳಗೆ ಯಾಂತ್ರಿಕವಾಗಿ ಸಿಕ್ಕಿಕೊಂಡ ಕಂಪ್ರೆಸರ್. ಇವೆರಡನ್ನು ಬೇರ್ಪಡಿಸಲು ಸರಿಯಿರುವ ಇನ್ನೊಂದು ನಿಯಂತ್ರಕವನ್ನು ಹಾಕಿ ನೋಡುವುದೇ ನೇರ ದಾರಿ.

ಆ ಮೂರು ಪಿನ್‌ಗಳಿಗೆ ಬ್ಯಾಟರಿಯನ್ನು ನೇರವಾಗಿ ಕೊಟ್ಟು ಮೋಟರ್ ತಿರುಗುತ್ತದೆಯೇ ನೋಡಬಹುದೇ?

ಬೇಡ. ಒಳಗಿರುವುದು ಬ್ರಷ್ ಇಲ್ಲದ ಮೂರು ಸುರುಳಿಯ ಮೋಟರ್. ಯಾವ ಸುರುಳಿಗೆ ಯಾವ ಕ್ಷಣ ಕರೆಂಟ್ ಕೊಡಬೇಕೆಂದು ನಿಯಂತ್ರಕ ನಿರ್ಧರಿಸುತ್ತದೆ. ಬ್ಯಾಟರಿಯನ್ನು ನೇರ ಕೊಟ್ಟರೆ ಅದು ತಿರುಗುವುದಿಲ್ಲ, ಸುರುಳಿ ಮಾತ್ರ ಕಾಯುತ್ತದೆ. ಹಳೆಯ ಆಟಿಕೆ ಮೋಟರ್‌ಗಳನ್ನು ಹೀಗೆ ಪರೀಕ್ಷಿಸಿದ ಅಭ್ಯಾಸ ಇಲ್ಲಿ ಅಪಾಯ.

ಬ್ಯಾಟರಿಯಲ್ಲಿ 11.5 ವೋಲ್ಟ್ ಇದೆ. ಫ್ರಿಜ್ 10.4ಕ್ಕೆ ನಿಲ್ಲಬೇಕೆಂದು ಕೈಪಿಡಿ ಹೇಳುತ್ತದೆ. ಹಾಗಾದರೆ ಈಗ ಏಕೆ ಓಡುತ್ತಿಲ್ಲ?

ನಿಲ್ಲುವ ಮಿತಿ ಬೇರೆ, ಮತ್ತೆ ಹೊರಡುವ ಮಿತಿ ಬೇರೆ. 12 ವೋಲ್ಟಿನ ಮಾಮೂಲಿ ಹೊಂದಾಣಿಕೆಯಲ್ಲಿ 10.4ಕ್ಕೆ ನಿಂತ ಕಂಪ್ರೆಸರ್ 11.7 ಮುಟ್ಟುವವರೆಗೆ ಮತ್ತೆ ಹೊರಡುವುದಿಲ್ಲ. 24 ವೋಲ್ಟಿನಲ್ಲಿ ಇವು 22.8 ಮತ್ತು 24.2. ಈ ಅಂತರ ಇಲ್ಲದಿದ್ದರೆ ನಿಂತ ಕೂಡಲೇ ವೋಲ್ಟೇಜ್ ಏರಿ ಮರುಕ್ಷಣವೇ ಮೋಟರ್ ಹೊರಟು ಮತ್ತೆ ನಿಲ್ಲುತ್ತಿತ್ತು. ಒಮ್ಮೆ ಕಡಿದ ಮೇಲೆ ಬ್ಯಾಟರಿಯನ್ನು ಚಾರ್ಜ್ ಮಾಡದೆ ಬೇರೆ ದಾರಿಯಿಲ್ಲ.

‘ಸಿ’ ಮತ್ತು ‘ಪಿ’ ಟರ್ಮಿನಲ್‌ಗಳ ನಡುವೆ ಒಂದು ರೆಸಿಸ್ಟರ್ (ನಿಗದಿತ ರೋಧವಿರುವ ಸಣ್ಣ ಬಿಡಿಭಾಗ) ಹಾಕಿ ನಿಲ್ಲುವ ಮಿತಿಯನ್ನು 9.6ರಿಂದ 11.3ರವರೆಗೆ ಬದಲಿಸಬಹುದು. ಫ್ರಿಜ್ ಪದೇ ಪದೇ ನಿಲ್ಲುತ್ತದೆಂದು ಮಿತಿಯನ್ನು 9.6ಕ್ಕೆ ಇಳಿಸುವವರಿದ್ದಾರೆ. ನನಗೆ ಇದು ಸರಿ ಕಾಣುವುದಿಲ್ಲ. ತಂತಿ ಕೆಟ್ಟದ್ದಾಗಿದ್ದರೆ ಅದು ರೋಗವನ್ನು ಮುಚ್ಚಿಡುತ್ತದೆ. ತಂತಿ ಒಳ್ಳೆಯದಿದ್ದರೆ ಸೀಸ-ಆಮ್ಲ ಬ್ಯಾಟರಿಯನ್ನು ತಳದವರೆಗೆ ಹೀರಿ ಅದರ ಆಯುಷ್ಯ ಕಡಿಮೆ ಮಾಡುತ್ತದೆ. ಅದೇ ಬ್ಯಾಟರಿಯಿಂದ ವಾಹನದ ಎಂಜಿನ್ ಹೊರಡಬೇಕಾಗಿದ್ದರೆ ಮಿತಿಯನ್ನು ಏರಿಸುವುದೇ ವಿವೇಕ.

ಫ್ಯಾನೂ ಇಲ್ಲ, ಸದ್ದೂ ಇಲ್ಲ, ಎಲ್‌ಇಡಿಯೂ ಇಲ್ಲ. ಎಲ್ಲಿಂದ ಆರಂಭಿಸಲಿ?

ನಿಯಂತ್ರಕದ ಟರ್ಮಿನಲ್‌ನಲ್ಲಿ ವೋಲ್ಟೇಜ್ ಇದೆಯೇ ನೋಡಿ. ಇಲ್ಲವಾದರೆ ಫ್ಯೂಸ್, ಸ್ವಿಚ್, ತಂತಿ. ಇದೆ ಎಂದಾದರೆ ಮುಂದಿನ ಅನುಮಾನ ಥರ್ಮೋಸ್ಟಾಟ್. ‘ಸಾಕು, ತಂಪಾಗಿದೆ’ ಎಂದು ಥರ್ಮೋಸ್ಟಾಟ್ ಹೇಳುತ್ತಿರುವಷ್ಟು ಹೊತ್ತು ನಿಯಂತ್ರಕ ಮೌನವಾಗಿರುತ್ತದೆ, ಅದು ದೋಷವಲ್ಲದ ಕಾರಣ ಎಲ್‌ಇಡಿಯೂ ಮಿನುಗುವುದಿಲ್ಲ.

ಯಾಂತ್ರಿಕ ಥರ್ಮೋಸ್ಟಾಟ್ ಇರುವ ಫ್ರಿಜ್‌ನಲ್ಲಿ ಅದರ ಎರಡು ತಂತಿಗಳು ನಿಯಂತ್ರಕದ ‘ಸಿ’ ಮತ್ತು ‘ಟಿ’ ಟರ್ಮಿನಲ್‌ಗಳಿಗೆ ಬರುತ್ತವೆ. ಆ ತಂತಿಗಳನ್ನು ತೆಗೆದು ಸಿ, ಟಿ ಎರಡನ್ನೂ ಸಣ್ಣ ತಂತಿಯಿಂದ ಕೂಡಿಸಿ. ಕಂಪ್ರೆಸರ್ ನಿಮಿಷಕ್ಕೆ 2,000 ಸುತ್ತಿನಲ್ಲಿ ಹೊರಟರೆ ದೋಷ ಥರ್ಮೋಸ್ಟಾಟ್‌ನಲ್ಲಿ ಅಥವಾ ಅದರ ತಂತಿಯಲ್ಲಿದೆ. ಈ ದಾರಿಯಲ್ಲಿ ಹರಿಯುವುದು ಕೆಲವೇ ಮಿಲಿಆಂಪಿಯರ್, ಹೆದರಬೇಕಿಲ್ಲ. ಆದರೆ ಕೈತಪ್ಪಿ ಪಕ್ಕದ ಪ್ಲಸ್ ಟರ್ಮಿನಲ್‌ಗೆ ತಾಗಿಸಬೇಡಿ.

ಇದೇ ದಾರಿಯಲ್ಲಿರುವ ರೆಸಿಸ್ಟರ್ ಮೋಟರಿನ ವೇಗವನ್ನೂ ನಿಗದಿ ಮಾಡುತ್ತದೆ. 277 ಓಮ್ ಇದ್ದರೆ 2,500 ಸುತ್ತು, 692ಕ್ಕೆ 3,000, 1,523ಕ್ಕೆ 3,500. ಥರ್ಮೋಸ್ಟಾಟ್‌ನ ಸಂಪರ್ಕದಲ್ಲಿ ಕೊಳೆ ಕೂತು ರೋಧ ಹೆಚ್ಚಿದರೆ ಫ್ರಿಜ್ ಕಾರಣವಿಲ್ಲದೆ ಜೋರಾಗಿ ಓಡತೊಡಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. ಇದನ್ನು ಹೆಚ್ಚಿನವರು ಊಹಿಸುವುದಿಲ್ಲ.

ಅಂಕಿ ಫಲಕ ಇರುವ ಫ್ರಿಜ್‌ಗಳಲ್ಲಿ ಬಿಸಿಯಾದಂತೆ ರೋಧ ಕಡಿಮೆಯಾಗುವ ಸಂವೇದಕ ಇರುತ್ತದೆ. ಅದನ್ನು ಬಿಡಿಸಿ ಕೈಯ ಬಿಸಿಯಲ್ಲೂ ಕರಗುತ್ತಿರುವ ಮಂಜುಗಡ್ಡೆಯ ನೀರಿನಲ್ಲೂ ಅಳೆಯಿರಿ. ಅಂಕಿ ನಯವಾಗಿ ಏರಿಳಿಯಬೇಕು. ಜಿಗಿದರೆ ಅಥವಾ ಕದಲದಿದ್ದರೆ ಬದಲಿಸಿ.

ಹೊಸ ಫ್ಯೂಸ್ ಹಾಕಿದ ಕೂಡಲೇ ಹೋಗುತ್ತದೆ. ದೊಡ್ಡ ಫ್ಯೂಸ್ ಹಾಕಲೇ?

ಹಾಕಬೇಡಿ. ಫ್ಯೂಸ್ ಕಾಯುವುದು ಫ್ರಿಜ್ಜನ್ನಲ್ಲ, ತಂತಿಗೆ ಬೆಂಕಿ ಹತ್ತದಂತೆ ಕಾಯುತ್ತದೆ. ಈ ಕಂಪ್ರೆಸರ್‌ಗಳಿಗೆ 12 ವೋಲ್ಟಿನಲ್ಲಿ 15 ಆಂಪಿಯರ್, 24 ವೋಲ್ಟಿನಲ್ಲಿ 7.5 ಆಂಪಿಯರ್ ಫ್ಯೂಸ್, ಅದೂ ಪ್ಲಸ್ ತಂತಿಯಲ್ಲಿ ಬ್ಯಾಟರಿಗೆ ಆದಷ್ಟು ಹತ್ತಿರ. ನಡುವೆ ಸ್ವಿಚ್ ಇದ್ದರೆ ಅದು ಕನಿಷ್ಠ 20 ಆಂಪಿಯರ್ ತಾಳುವಂಥದ್ದಿರಲಿ.

ನಿಯಂತ್ರಕದಿಂದ ಪ್ಲಸ್ ತಂತಿ ಬಿಡಿಸಿ ಫ್ಯೂಸ್ ಹಾಕಿ. ಆಗಲೂ ಹೋದರೆ ತಂತಿ ಎಲ್ಲೋ ಉಜ್ಜಿ ಶಾರ್ಟ್ ಆಗಿದೆ. ಲೋಹದ ತೂತುಗಳ ಮೂಲಕ ಹಾದು ಹೋಗುವ ಜಾಗ ನೋಡಿ. ಉಳಿದರೆ ನಿಯಂತ್ರಕದ ಒಳಗೇ ಶಾರ್ಟ್ ಇದೆ. ಕೂಡಲೇ ಹೋಗದೆ ಗಂಟೆಗಳ ನಂತರ ಹೋಗುವ ಫ್ಯೂಸ್ ಬೇರೆ ಕಥೆ: ಹಿಡಿಕೆ ಸಡಿಲವಾಗಿ ಬಿಸಿಯಾಗಿ ಫ್ಯೂಸ್ ಕರಗಿರುತ್ತದೆ. ಹಿಡಿಕೆಯ ಪ್ಲಾಸ್ಟಿಕ್ ಕಂದಿದ್ದರೆ ಅದೇ ಸಾಕ್ಷಿ.

ಬ್ಯಾಟರಿಯನ್ನು ತಿರುವುಮುರುವಾಗಿ ಜೋಡಿಸಿಬಿಟ್ಟೆ. ಸುಟ್ಟುಹೋಗಿರುತ್ತದೆಯೇ?

ಡ್ಯಾನ್‌ಫಾಸ್ ನಿಯಂತ್ರಕಕ್ಕೆ ಇದರಿಂದ ರಕ್ಷಣೆ ಇದೆ. ಸರಿಯಾಗಿ ಜೋಡಿಸಿ ನೋಡಿ. ಎಲ್ಲ ತಯಾರಕರೂ ಈ ಕಾಳಜಿ ವಹಿಸಿಲ್ಲ.

ಮಧ್ಯಾಹ್ನ ಮಾತ್ರ ನಿಲ್ಲುತ್ತದೆ, ರಾತ್ರಿ ಚೆನ್ನಾಗಿ ಓಡುತ್ತದೆ. ಇದು ವಿದ್ಯುತ್ ದೋಷವೇ?

ಐದು ಮಿನುಗು ಬರುತ್ತಿದ್ದರೆ ಸೆಖೆಯ ದೋಷ. ಫ್ರಿಜ್ಜನ್ನು ಪೆಟ್ಟಿಗೆಯೊಳಗೆ ತುರುಕಿ ಗಾಳಿಯ ದಾರಿ ಮುಚ್ಚಿದಾಗ, ಬಿಸಿಯನ್ನು ಹೊರಬಿಡುವ ಕಂಡೆನ್ಸರ್ ಮೇಲೆ ದೂಳು ಕೂತಾಗ, ಫ್ಯಾನ್ ಸತ್ತಾಗ ನಿಯಂತ್ರಕ ಬಿಸಿಯೇರುತ್ತದೆ. ಫ್ಯಾನ್ ಪ್ಲಸ್ ಮತ್ತು ‘ಎಫ್’ ನಡುವೆ ಇರುತ್ತದೆ. ಬದಲಿಸುವಾಗ ಒಂದು ವಿಷಯ ಗಮನಿಸಿ: ಈ ನಿಯಂತ್ರಕಕ್ಕೆ 24 ವೋಲ್ಟ್ ವ್ಯವಸ್ಥೆಯಲ್ಲೂ 12 ವೋಲ್ಟಿನ ಫ್ಯಾನೇ ಬೇಕು. 24ರ ಫ್ಯಾನ್ ಹಾಕಿದರೆ ಅದು ಸೋಮಾರಿಯಂತೆ ತಿರುಗುತ್ತದೆ, ದೋಷ ಹಾಗೇ ಉಳಿಯುತ್ತದೆ.

ಒಂದು ಮಿನುಗು ಬರುತ್ತಿದ್ದರೆ ಸೌರ ಚಾರ್ಜಿಂಗ್ ಕಡೆ ನೋಡಿ. ಬ್ಯಾಟರಿಯ ಜೋಡಣೆ ಸಡಿಲವಾಗಿದ್ದು ಫಲಕದ ವೋಲ್ಟೇಜ್ ನೇರವಾಗಿ ಫ್ರಿಜ್ ಕಡೆ ನುಗ್ಗಿದರೆ 17 ವೋಲ್ಟಿನ ಮೇಲ್ಮಿತಿ ದಾಟಿ ಕಂಪ್ರೆಸರ್ ನಿಲ್ಲುತ್ತದೆ. ಸೌರ ನಿಯಂತ್ರಕದ ‘ಲೋಡ್’ ಟರ್ಮಿನಲ್‌ಗೆ ಫ್ರಿಜ್ ಜೋಡಿಸಿದ್ದರೆ ಅದನ್ನೂ ಬಿಡಿಸಿ. ಅಗ್ಗದ ನಿಯಂತ್ರಕಗಳಲ್ಲಿ ಅದು ದೀಪ ಉರಿಸಲಷ್ಟೇ ಸಾಕಾಗುತ್ತದೆ, ಕಂಪ್ರೆಸರ್ ಹೊರಡುವ ಹೊಡೆತಕ್ಕೆ ಕಡಿದುಕೊಳ್ಳುತ್ತದೆ. ಫ್ರಿಜ್‌ನ ದಾರಿ ಫ್ಯೂಸ್ ಮೂಲಕ ನೇರ ಬ್ಯಾಟರಿಗೆ.

ಮನೆಯ ಕರೆಂಟಿನ ಅಡಾಪ್ಟರ್‌ನಲ್ಲಿ ಓಡುತ್ತದೆ, ಬ್ಯಾಟರಿಯಲ್ಲಿ ಓಡುವುದಿಲ್ಲ.

ಇದು ಒಳ್ಳೆಯ ಸುದ್ದಿ. ಕಂಪ್ರೆಸರ್, ಥರ್ಮೋಸ್ಟಾಟ್, ಫ್ಯಾನ್ ಎಲ್ಲವೂ ಸರಿಯಿವೆ. ನಿಯಂತ್ರಕವೂ ಬಹುಪಾಲು ಸರಿಯಿದೆ. ಬ್ಯಾಟರಿ ಮತ್ತು ತಂತಿಯತ್ತ ಹೋಗಿ. ಅಡಾಪ್ಟರ್ ಇಲ್ಲದವರು ಇದೇ ಪರೀಕ್ಷೆಯನ್ನು ಬೇರೆ ರೀತಿ ಮಾಡಬಹುದು: ಪೂರ್ತಿ ಚಾರ್ಜ್ ಆದ ಒಳ್ಳೆಯ ಬ್ಯಾಟರಿಯನ್ನು ಫ್ರಿಜ್ ಪಕ್ಕದಲ್ಲೇ ಇಟ್ಟು, ಮೊಳದುದ್ದದ ದಪ್ಪ ತಂತಿಯಿಂದ, ನಡುವೆ ಒಂದು ಫ್ಯೂಸ್ ಮಾತ್ರ ಇಟ್ಟು, ನಿಯಂತ್ರಕಕ್ಕೆ ಕೊಡಿ. ಓಡಿದರೆ ಕಂಪ್ರೆಸರ್ ಬಗೆಗಿನ ಅನುಮಾನ ಅಲ್ಲಿಗೆ ಮುಗಿಯುತ್ತದೆ.

ಲಿಥಿಯಂ ಬ್ಯಾಟರಿಗೆ ಬದಲಾದ ಮೇಲೆ ಫ್ರಿಜ್ ಮುನ್ಸೂಚನೆ ಇಲ್ಲದೆ ಪೂರ್ತಿ ನಿಂತುಹೋಗುತ್ತದೆ. ಏಕೆ?

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯ ವೋಲ್ಟೇಜ್ ಬಹುಕಾಲ 13ರ ಆಸುಪಾಸಿನಲ್ಲೇ ನಿಂತು ಕೊನೆಯಲ್ಲಿ ಧಡಕ್ಕನೆ ಬೀಳುತ್ತದೆ. ಫ್ರಿಜ್‌ನ ನಿಯಂತ್ರಕ ಕಡಿಯುವ ಮೊದಲೇ ಬ್ಯಾಟರಿಯೊಳಗಿನ ರಕ್ಷಣಾ ಮಂಡಲ ಕಡಿಯಬಹುದು. ಆಗ ಎಲ್‌ಇಡಿಗೂ ವಿದ್ಯುತ್ ಇರುವುದಿಲ್ಲ. ಅಂಥ ಬ್ಯಾಟರಿಯ ಕಂಬದಲ್ಲಿ ಮೀಟರ್ ಸೊನ್ನೆಯನ್ನೋ ವಿಚಿತ್ರವಾದ ಸಣ್ಣ ಅಂಕಿಯನ್ನೋ ತೋರಿಸುತ್ತದೆ. ಸತ್ತಿದೆ ಎಂದುಕೊಳ್ಳಬೇಡಿ, ಅದಕ್ಕೆ ತಕ್ಕ ಚಾರ್ಜರ್ ಜೋಡಿಸಿದರೆ ಎಚ್ಚರಗೊಳ್ಳುತ್ತದೆ. ವೋಲ್ಟೇಜ್ ನೋಡಿ ಎಷ್ಟು ಉಳಿದಿದೆ ಎಂದು ಅಂದಾಜಿಸುವ ಹಳೆಯ ಅಭ್ಯಾಸ ಇಲ್ಲಿ ನಡೆಯುವುದಿಲ್ಲ.

ಕಂಪ್ರೆಸರ್ ನಿಲ್ಲದೆ ಓಡುತ್ತದೆ, ತಂಪು ಮಾತ್ರ ಇಲ್ಲ.

ಇದು ಬಹುತೇಕ ವಿದ್ಯುತ್ತಿನ ಸಮಸ್ಯೆಯಲ್ಲ, ಕೊಳವೆಯಲ್ಲಿ ಸುತ್ತುತ್ತ ತಂಪು ಮಾಡುವ ಅನಿಲ ಸೋರಿದೆ. ಖಚಿತಪಡಿಸಿಕೊಳ್ಳಲು ಕರೆಂಟ್ ಅಳೆಯಿರಿ. ಕ್ಲ್ಯಾಂಪ್ ಮೀಟರ್ ಬಳಸುವುದಾದರೆ ಅದು ಡಿಸಿ ಅಳೆಯುವಂಥದ್ದಿರಬೇಕು. ಎಸಿ ಮಾತ್ರ ಅಳೆಯುವ ಮಾಮೂಲಿ ಕ್ಲ್ಯಾಂಪ್ ಇಲ್ಲಿ ಸೊನ್ನೆ ತೋರಿಸಿ ದಾರಿ ತಪ್ಪಿಸುತ್ತದೆ. ಚೆನ್ನಾಗಿರುವ ಸಣ್ಣ ಫ್ರಿಜ್ 12 ವೋಲ್ಟಿನಲ್ಲಿ ಸಾಮಾನ್ಯವಾಗಿ 3ರಿಂದ 6 ಆಂಪಿಯರ್ ಎಳೆಯುತ್ತದೆ. ಮೊದಲು ಎಳೆಯುತ್ತಿದ್ದುದಕ್ಕಿಂತ ಬಹಳ ಕಡಿಮೆ ಎಳೆಯುತ್ತಿದ್ದು, ಹೊರಹೋಗುವ ಕೊಳವೆ ಬಿಸಿಯಾಗದೆ, ಒಳಗಿನ ತಗಡಿನ ಒಂದು ಮೂಲೆಯಲ್ಲಿ ಮಾತ್ರ ಮಂಜು ಕಟ್ಟಿದ್ದರೆ ಅನಿಲ ಕಡಿಮೆಯಾಗಿದೆ. ಮೀಟರನ್ನು ಎತ್ತಿಟ್ಟು ರೆಫ್ರಿಜರೇಷನ್ ಮೆಕ್ಯಾನಿಕ್ ಬಳಿ ಹೋಗಿ.

ಇಡೀ ತಗಡು ತಂಪಾಗಿದ್ದೂ ಓಟ ನಿಲ್ಲದಿದ್ದರೆ ಥರ್ಮೋಸ್ಟಾಟ್‌ನ ಸಣ್ಣ ಕೊಳವೆ ಜಾರಿ ಹೊರಬಂದಿದೆಯೇ ನೋಡಿ. ಬಾಗಿಲಿನ ರಬ್ಬರ್ ಕೂಡ.

ನಿಯಂತ್ರಕವನ್ನು ಬಿಚ್ಚಿ ರಿಪೇರಿ ಮಾಡಬಹುದೇ?

ಕಿಲುಬು ಹಿಡಿದ ಟರ್ಮಿನಲ್‌ಗಳನ್ನು ಉಜ್ಜಿ, ತಂತಿಯ ತುದಿಗೆ ಹೊಸ ಲಗ್‌ಗಳನ್ನು (ಲೋಹದ ಕೊಂಡಿಗಳನ್ನು) ಬಿಗಿದು ನೋಡುವವರೆಗೆ ನಿಮ್ಮ ಕೆಲಸ. ಒಳಗಿನ ಬಿಡಿಭಾಗ ಸುಟ್ಟಿದ್ದರೆ ಇಡೀ ನಿಯಂತ್ರಕವನ್ನೇ ಬದಲಿಸುವುದು ಲೇಸು. ಅದು ಒಂದೆರಡು ತಿರುಪು ಮತ್ತು ಒಂದು ಮೂರು ಪಿನ್ನಿನ ಪ್ಲಗ್‌ನ ಕೆಲಸ, ಅನಿಲದ ಕೊಳವೆಗಳನ್ನು ಮುಟ್ಟಬೇಕಿಲ್ಲ. ಕಂಪ್ರೆಸರ್ ಮೇಲಿನ ಮಾದರಿ ಸಂಖ್ಯೆಗೆ ಹೊಂದುವ ನಿಯಂತ್ರಕವನ್ನೇ ತನ್ನಿ.

ಕೆಲಸ ಶುರು ಮಾಡುವ ಮೊದಲು ಫ್ರಿಜ್ ಮೇಲಿನ ಪಟ್ಟಿಯಲ್ಲಿ ಅನಿಲದ ಹೆಸರು ಓದಿ. ಆರ್134ಎ ಎಂದಿದ್ದರೆ ಅದಕ್ಕೆ ಬೆಂಕಿ ಹತ್ತುವುದಿಲ್ಲ. ಆರ್600ಎ ಎಂದಿದ್ದರೆ ಅದು ಐಸೊಬ್ಯೂಟೇನ್, ಉರಿಯುವ ಅನಿಲ; ಸೋರಿಕೆಯ ಅನುಮಾನವಿದ್ದಲ್ಲಿ ಕಿಡಿ ಹಾರುವ ಯಾವ ಪರೀಕ್ಷೆಯನ್ನೂ ಮಾಡಬೇಡಿ, ಬೆಸುಗೆ ಕಡ್ಡಿಯನ್ನು ಹತ್ತಿರ ತರಬೇಡಿ.

ಮೆಕ್ಯಾನಿಕ್ ಬಳಿ ಒಯ್ಯುವಾಗ ಏನೇನು ಹೇಳಬೇಕು?

ಕಂಪ್ರೆಸರ್ ಮತ್ತು ನಿಯಂತ್ರಕದ ಮಾದರಿ ಸಂಖ್ಯೆ, ಎಲ್‌ಇಡಿ ಎಷ್ಟು ಬಾರಿ ಮಿನುಗಿತು, ಹೊರಡುವ ಕ್ಷಣದಲ್ಲಿ ನಿಯಂತ್ರಕದ ಬಳಿ ಎಷ್ಟು ವೋಲ್ಟ್ ಇತ್ತು, ಮೂರು ಪಿನ್‌ಗಳ ನಡುವಿನ ಅಳತೆ. ಫ್ರಿಜ್ಜನ್ನು ಮಾತ್ರ ಒಯ್ದರೆ ಅಲ್ಲಿನ ಒಳ್ಳೆಯ ವಿದ್ಯುತ್ ಮೂಲದಲ್ಲಿ ಅದು ಚೆನ್ನಾಗಿಯೇ ಓಡೀತು. ಸಾಧ್ಯವಾದರೆ ನಿಮ್ಮ ಬ್ಯಾಟರಿ, ತಂತಿ, ಪ್ಲಗ್ ಸಮೇತ ಒಯ್ಯಿರಿ. ದಾರಿಯಲ್ಲಿ ಫ್ರಿಜ್ಜನ್ನು ಮಲಗಿಸಬೇಕಾಗಿ ಬಂದಿದ್ದರೆ ಅದನ್ನೂ ಹೇಳಿ, ಎಣ್ಣೆ ಕಂಪ್ರೆಸರ್‌ಗೆ ಇಳಿಯಲು ಕೆಲವು ಗಂಟೆ ನೆಟ್ಟಗೆ ನಿಲ್ಲಿಸಿದ ಮೇಲೆಯೇ ಸ್ವಿಚ್ ಹಾಕಬೇಕಾಗುತ್ತದೆ.